ಆರು ಚುಕ್ಕಿಯೊಳಗೆ ಐವತ್ತು ಅಕ್ಷರ

‘ಕನ್ನಡ’ ಎಂದು ಬ್ರೈಲ್‌ನಲ್ಲಿ ಬರೆಯಲು ಐದು ಮನೆ ಬೇಕು. ಮೊದಲ ಮನೆಯಲ್ಲಿ ಕ. ಎರಡನೆಯ ಮನೆಯಲ್ಲಿ ಒಂದೇ ಒಂದು ಚುಕ್ಕಿ. ಮುಂದೆ ಬರುವ ಅಕ್ಷರ ಅರ್ಧಾಕ್ಷರ ಎಂದು ಅದು ಬೆರಳಿಗೆ ಮೊದಲೇ ಹೇಳಿಬಿಡುತ್ತದೆ. ಮೂರು ಮತ್ತು ನಾಲ್ಕನೆಯ ಮನೆಗಳಲ್ಲಿ ಒಂದೊಂದು ನ. ಐದನೆಯದರಲ್ಲಿ ಡ. ಕಣ್ಣಿನ ಬರಹದಲ್ಲಿ ಒತ್ತಕ್ಷರ ಮೇಲಿನ ಅಕ್ಷರದ ಕಾಲ ಬಳಿ ಹೋಗಿ ಕೂರುತ್ತದೆ. ಬೆರಳು ಓದುವ ಸಾಲಿನಲ್ಲಿ ಕಾಲಡಿ ಎಂಬ ಜಾಗವೇ ಇಲ್ಲ. ಕೊಂಬು, ಗುಡಿಸು, ಒತ್ತು, ದೀರ್ಘ ಎಲ್ಲವೂ ಇಳಿದು ಬಂದು ಒಂದೇ ಸಾಲಿನಲ್ಲಿ ಪಂಕ್ತಿ ಹಿಡಿಯಬೇಕು.

ಈ ಐದು ಮನೆ ಹೀಗೆಯೇ ಇರಬೇಕೆಂದು ಗೊತ್ತಾದದ್ದು 1951ರಲ್ಲಿ. ಅದಕ್ಕೂ ಹಿಂದೆ ಅರವತ್ತು ವರ್ಷಗಳಿಗೂ ಮೀರಿದ ಒಂದು ಗೊಂದಲವಿತ್ತು. ಗೊಂದಲ ಮಾಡಿದವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ ಎನ್ನುವುದೇ ಅದರ ವಿಚಿತ್ರ.

ಬ್ರೈಲ್‌ನ ಮನೆ ಅಂದರೇನು ಎಂದು ತಿಳಿಯಲು ಚನ್ನೆಮಣೆಯನ್ನು ನೆನೆಸಿಕೊಳ್ಳಬಹುದು. ಏಳೇಳು ಗುಳಿಗಳ ಎರಡು ಸಾಲಿನ ಆ ಮಣೆಯಿಂದ ಮೂರು ಮೂರು ಗುಳಿಗಳಷ್ಟು ತುಂಡು ಕತ್ತರಿಸಿ ನೆಟ್ಟಗೆ ನಿಲ್ಲಿಸಿದರೆ ಅದೇ ಬ್ರೈಲ್‌ನ ಒಂದು ಮನೆ. ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3. ಬಲಗಡೆ 4, 5, 6. ಯಾವ ಜಾಗದಲ್ಲಿ ಚುಕ್ಕಿ ಉಬ್ಬಿದೆ, ಯಾವುದು ಖಾಲಿ ಎನ್ನುವುದರ ಮೇಲೆ ಅಕ್ಷರ. ಲೆಕ್ಕ ಹಾಕಿದರೆ 63 ಬಗೆಯ ಜೋಡಣೆ ಸಾಧ್ಯ. ಕಣ್ಣು ಮುಚ್ಚಿ ಮೊದಲ ಸಲ ಮುಟ್ಟಿದವರಿಗೆ ಹಾಳೆ ಬರೀ ಉಪ್ಪುಕಾಗದದಂತೆ ತರಿತರಿಯಾಗಿ ತಾಗುತ್ತದೆ. ಪಳಗಿದ ಬೆರಳಿಗೆ ಅದು ಓಡುವ ಸಾಲು.

ಲೂಯಿ ಬ್ರೈಲ್‌ನ ಕತೆ ಎಲ್ಲರಿಗೂ ಗೊತ್ತಿರುವುದೇ. 1809ರಲ್ಲಿ ಪ್ಯಾರಿಸ್ ಬಳಿಯ ಕೂಪ್ವ್ರೇ ಎಂಬ ಹಳ್ಳಿಯಲ್ಲಿ ಹುಟ್ಟಿದ. ಅಪ್ಪ ಕುದುರೆಯ ಜೀನು, ಲಗಾಮು ಹೊಲಿಯುವವನು. ಮೂರು ವರ್ಷದ ಮಗು ಅಪ್ಪನ ಅಂಗಡಿಯಲ್ಲಿ ಚರ್ಮ ಚುಚ್ಚುವ ಮೊನೆಯೊಂದನ್ನು ಹಿಡಿದು ಆಡುತ್ತ ಕಣ್ಣಿಗೆ ಚುಚ್ಚಿಕೊಂಡಿತು. ನಂಜು ಇನ್ನೊಂದು ಕಣ್ಣಿಗೂ ಏರಿತು. ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೇ ಎಂಬಾತ ರೂಪಿಸಿದ್ದ 12 ಚುಕ್ಕಿಗಳ ಲಿಪಿಯನ್ನು ಅಂಧ ಶಾಲೆಯಲ್ಲಿ ಕಂಡ ಲೂಯಿ, ಒಂದೇ ಬೆರಳ ತುದಿಗೆ ನಿಲುಕುವಂತೆ ಅದನ್ನು ಆರಕ್ಕೆ ಇಳಿಸಿ 1829ರಲ್ಲಿ ಪ್ರಕಟಿಸಿದ. ಕಣ್ಣು ಕಳೆದಂಥದೇ ಇನ್ನೊಂದು ಮೊನೆಯಿಂದ ಕಾಗದ ಚುಚ್ಚಿ ಬರೆಯುವ ಲಿಪಿ ಅದು. ಫ್ರೆಂಚರ ವರ್ಣಮಾಲೆಗೆ 63 ಜೋಡಣೆ ಬೇಕಾದಷ್ಟಾಯಿತು, ಮಿಕ್ಕವು ವಿರಾಮಚಿಹ್ನೆಗಳಿಗೆ ಹೋದವು. ನಮ್ಮ ಭಾಷೆಗಳಿಗೆ ಐವತ್ತರ ಹತ್ತಿರ ಅಕ್ಷರ ಬೇಕು. 63ರಲ್ಲಿ ಅವೂ ಹಿಡಿಯುತ್ತವೆ, ಆದರೆ ಬಿಗಿಯಾಗಿ. ಯಾವ ಅಕ್ಷರಕ್ಕೆ ಯಾವ ಮನೆ ಎಂಬಲ್ಲಿ ತಕರಾರು ಶುರು.

ಭಾರತದಲ್ಲಿ ಅಂಧರಿಗಾಗಿ ಮೊದಲ ಶಾಲೆ ಎಂದು ಸಾಮಾನ್ಯವಾಗಿ ಹೇಳುವುದು 1887ರಲ್ಲಿ ಆ್ಯನಿ ಶಾರ್ಪ್ ಎಂಬ ಮಿಷನರಿ ಅಮೃತಸರದಲ್ಲಿ ತೆರೆದ ಶಾಲೆಯನ್ನು. ಅದಕ್ಕೂ ಮೊದಲೇ ಕಾಶಿಯಲ್ಲಿ ಮಿಷನರಿಗಳು ಇಂಗ್ಲೆಂಡಿನ ವಿಲಿಯಂ ಮೂನ್ ರೂಪಿಸಿದ ಉಬ್ಬಕ್ಷರಗಳಿಂದ ಕೆಲವರಿಗೆ ಓದು ಕಲಿಸಿದ್ದುಂಟು. ‘ಮೊದಲ’ ಎಂಬ ಪದವನ್ನು ಚರಿತ್ರೆಯಲ್ಲಿ ಸ್ವಲ್ಪ ಸಡಿಲವಾಗಿ ಹಿಡಿಯುವುದೇ ಒಳ್ಳೆಯದು. ಅಮೃತಸರದ ಶಾಲೆ 1903ರಲ್ಲಿ ದೆಹರಾದೂನ್ ಬಳಿಯ ರಾಜಪುರಕ್ಕೆ ಹೋಯಿತು. ತಮಿಳು ಸೀಮೆಯ ಪಾಳಯಂಕೋಟೆಯಲ್ಲಿ 1890ರಲ್ಲಿ ಮಿಸ್ ಆಸ್ಕ್‌ವಿತ್ ಅಂಧ ಮಕ್ಕಳಿಗೆ ಪಾಠ ಶುರುಮಾಡಿದರು. ಕಲ್ಕತ್ತೆಯಲ್ಲಿ 1897ರಲ್ಲಿ ಲಾಲ್ ಬಿಹಾರಿ ಶಾ ಶಾಲೆ ತೆರೆದರು. 1900ರಲ್ಲಿ ಮುಂಬಯಿಯಲ್ಲಿ ಅಮೆರಿಕನ್ ಮಿಷನ್ನಿನ ಆ್ಯನಾ ಮಿಲ್ಲರ್ಡ್. ಮರುವರ್ಷ, 1901ರಲ್ಲಿ, ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಹುಟ್ಟಿತು. ಅದನ್ನು ಕಟ್ಟಿದವರು ಎಂ. ಶ್ರೀನಿವಾಸರಾವ್. ಒಡೆಯರ ಸಂಸ್ಥಾನ ಕೋಲಾರದ ಚಿನ್ನದ ಗಣಿಗೆ ಶಿವನಸಮುದ್ರದಿಂದ ವಿದ್ಯುತ್ ಎಳೆಯುತ್ತಿದ್ದ ಕಾಲ ಅದು. ಬೆಳಕಿನ ಮಾತು ಊರೆಲ್ಲ ತುಂಬಿದ್ದಾಗ ಬೆಳಕು ಕಾಣದ ಮಕ್ಕಳಿಗೂ ಅಲ್ಲಿ ಒಂದು ಮಣೆ ಹಾಕಿದ್ದರು.

ಈ ಶಾಲೆಗಳ ನಡುವೆ ಮಾತುಕತೆ ಅಷ್ಟಕ್ಕಷ್ಟೆ. ಕಲ್ಕತ್ತೆಯಿಂದ ಮೈಸೂರಿಗೆ ಕಾಗದ ಬರಲೇ ದಿನಗಟ್ಟಲೆ. ಟೀಚರ ಕೈಯಲ್ಲೊಂದು ಬ್ರೈಲ್ ಸ್ಲೇಟು, ಎದುರಿಗೆ ನಾಲ್ಕು ಮಕ್ಕಳು, ನಾಳೆ ಬೆಳಗ್ಗೆ ಪಾಠ ಆಗಬೇಕು. ಇಂಗ್ಲಿಷ್ ಬ್ರೈಲ್‌ನಲ್ಲಿ ಖ ಇಲ್ಲ, ಠ ಇಲ್ಲ, ಣ ಇಲ್ಲ. ಆಗ ಯಾರಾದರೂ ಏನು ಮಾಡುತ್ತಾರೆ? ಖಾಲಿ ಉಳಿದಿರುವ ಜೋಡಣೆಗಳಲ್ಲಿ ಒಂದನ್ನು ಎತ್ತಿಕೊಂಡು ಖಕ್ಕೆ ಕೊಡುತ್ತಾರೆ, ಇನ್ನೊಂದನ್ನು ಣಕ್ಕೆ. ಲಾಲ್ ಬಿಹಾರಿ ಶಾ ಬಂಗಾಳಿಗೆ ತಮ್ಮ ಲಿಪಿ ಮಾಡಿಕೊಂಡರು. ಅದು ಶಾ ಬ್ರೈಲ್ ಆಯಿತು. ಉತ್ತರದ ಹಿಂದಿ, ಉರ್ದು ಶಾಲೆಗಳಲ್ಲಿ ಶಿರೆಫ್ ಬ್ರೈಲ್. ಮುಂಬಯಿಯ ಕಡೆ ನೀಲಕಂಠರಾಯ ಛತ್ರಪತಿ ರೂಪಿಸಿದ್ದು ಒಂದು. ತಮಿಳಿಗೆ ಒಂದು. ಮೈಸೂರಿನ ಶಾಲೆ ಕನ್ನಡಕ್ಕೆ ತನ್ನದೇ ಚುಕ್ಕಿಮಾಲೆ ಹೊಂದಿಸಿಕೊಂಡಿತು. ಪ್ರತಿಯೊಂದೂ ತನ್ನ ಮನೆಯಂಗಳದಲ್ಲಿ ಸರಿಯಾದದ್ದೇ. ಅಂಗಳ ದಾಟಿದರೆ ಮಾತ್ರ ಕುರುಡು.

ಇದನ್ನು ಆಗಲೇ ಕಂಡವರೂ ಇದ್ದರು. ತಿರುವಾಂಕೂರಿನಲ್ಲಿದ್ದ ಮಿಷನರಿ ಜೆ. ನೋಲ್ಸ್ ಮತ್ತು ಮಲಬಾರಿನಲ್ಲಿ ಶಾಲೆಗಳ ಇನ್ಸ್‌ಪೆಕ್ಟರಾಗಿದ್ದ ಎಲ್. ಗಾರ್ತ್‌ವೇಟ್ ಸೇರಿ 1902ರ ಸುಮಾರಿಗೆ ‘ಓರಿಯೆಂಟಲ್ ಬ್ರೈಲ್’ ತಂದರು. ಪೂರ್ವದ ಎಲ್ಲ ಭಾಷೆಗೂ ಒಂದೇ ಲಿಪಿ ಎಂಬ ಹಂಬಲ. ಬೈಬಲ್ ಸೊಸೈಟಿ ಅದರ ಬೆನ್ನಿಗಿತ್ತು. ಇದೇ ನೋಲ್ಸ್ ಸಾಹೇಬರು ಕಣ್ಣಿರುವ ಭಾರತೀಯರೆಲ್ಲ ತಮ್ಮ ಲಿಪಿ ಬಿಟ್ಟು ರೋಮನ್ ಅಕ್ಷರದಲ್ಲಿ ಬರೆಯಬೇಕೆಂದೂ ವಾದಿಸಿದವರು. ಆ ಸಲಹೆಯನ್ನು ಕೇಳಿದ ಕನ್ನಡಿಗ, ತಮಿಳಿಗ, ಬಂಗಾಳಿ ಮೂವರೂ ನಕ್ಕು ಮುಂದೆ ಹೋದರೆಂದು ಧಾರಾಳವಾಗಿ ಊಹಿಸಬಹುದು. ಅಂಧರ ಲಿಪಿಯ ವಿಷಯದಲ್ಲಿ ಆ ನಗೆ ದುಬಾರಿಯಾಯಿತು. ಎಲ್ಲರಿಗೂ ಒಂದೇ ಲಿಪಿ ಎಂದು ಹೊರಟ ಓರಿಯೆಂಟಲ್ ಬ್ರೈಲ್ ಕೊನೆಗೆ ಇನ್ನೊಂದು ಲಿಪಿಯಾಗಿ ಪಟ್ಟಿಗೆ ಸೇರಿತು, ಅಷ್ಟೆ. ಸ್ವಾತಂತ್ರ್ಯ ಸಮೀಪಿಸುವ ಹೊತ್ತಿಗೆ ದೇಶದಲ್ಲಿ ಹತ್ತರ ಆಸುಪಾಸು ಬ್ರೈಲ್‌ಗಳು.

ಇದರಿಂದ ಏನು ನಷ್ಟ ಎಂದು ಕೇಳಬಹುದು. ಕನ್ನಡಕ್ಕೊಂದು, ಬಂಗಾಳಿಗೊಂದು ಲಿಪಿ ಕಣ್ಣಿದ್ದವರಿಗೂ ಇದೆಯಲ್ಲ? ಇದೆ. ಆದರೆ ಕಣ್ಣಿದ್ದವರು ಕೋಟಿಗಟ್ಟಲೆ, ಅವರ ಅಚ್ಚಿನ ಮೊಳೆ ಎರಕ ಹೊಯ್ಯಲು ಊರಿಗೊಬ್ಬ ಸಿಗುತ್ತಾನೆ. ಬ್ರೈಲ್ ಪುಸ್ತಕಕ್ಕೆ ಲೋಹದ ತಗಡಿನ ಮೇಲೆ ಒಂದೊಂದೇ ಚುಕ್ಕಿ ಗುದ್ದಿ, ಆ ತಗಡನ್ನು ದಪ್ಪ ಕಾಗದಕ್ಕೆ ಒತ್ತಬೇಕು. ಕಣ್ಣಿನ ಓದಿನ ಕಿರುಪುಸ್ತಕ ಬೆರಳಿನ ಓದಿಗೆ ಇಳಿದರೆ ದಿಂಡು ದಿಂಡು ಸಂಪುಟ. ಒಂದೊಂದು ಲಿಪಿಗೂ ಓದುಗರು ನೂರೋ ಇನ್ನೂರೋ ಆದರೆ ತಗಡಿಗೆ ದುಡ್ಡು ಯಾರು ಹಾಕುತ್ತಾರೆ? ಹಾಗಾಗಿ ಲಿಪಿಗಳು ಹತ್ತಾದವು, ಪುಸ್ತಕ ಹುಟ್ಟಲೇ ಇಲ್ಲ. ಮಕ್ಕಳು ಬ್ರೈಲ್ ಕಲಿತರು. ಕಲಿತದ್ದರಿಂದ ಓದಲು ಮೇಷ್ಟರು ಚುಚ್ಚಿಕೊಟ್ಟ ಹಾಳೆಗಳನ್ನು ಬಿಟ್ಟು ಹೆಚ್ಚೇನೂ ಸಿಗಲಿಲ್ಲ.

ನಮ್ಮವರೇ ಹೀಗೆ ಎಂದು ತಲೆ ಚಚ್ಚಿಕೊಳ್ಳಬೇಕಿಲ್ಲ. ಒಂದೇ ಭಾಷೆ, ಇಪ್ಪತ್ತಾರೇ ಅಕ್ಷರದ ಅಮೆರಿಕ ಮತ್ತು ಇಂಗ್ಲೆಂಡಿನವರು ನ್ಯೂಯಾರ್ಕ್ ಪಾಯಿಂಟ್, ಅಮೆರಿಕನ್ ಬ್ರೈಲ್, ಬ್ರಿಟಿಷ್ ಬ್ರೈಲ್ ಎಂದು ದಶಕಗಟ್ಟಲೆ ಕಚ್ಚಾಡಿ, ಏಕರೂಪದ ಇಂಗ್ಲಿಷ್ ಬ್ರೈಲ್‌ಗೆ ಬಂದದ್ದು 1932ರಲ್ಲಿ. ಹೆಲೆನ್ ಕೆಲ್ಲರ್‌ರಂಥವರು ಒಂದೇ ಇಂಗ್ಲಿಷನ್ನು ಓದಲು ಹಲವು ಚುಕ್ಕಿಲಿಪಿ ಕಲಿಯಬೇಕಾಯಿತು.

ಚುಕ್ಕಿಯ ಈ ಜಗಳ ನಡೆದಿದ್ದಾಗ ಉತ್ತರ ಕರ್ನಾಟಕದಲ್ಲಿ ಅಂಧ ಮಕ್ಕಳ ಬದುಕಿಗೆ ಬೇರೆಯೇ ದಾರಿ ತೆರೆದಿತ್ತು. ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯ ಎಂಬ ಕಣ್ಣಿಲ್ಲದ ಹುಡುಗನನ್ನು ಹಾನಗಲ್ ಕುಮಾರಸ್ವಾಮಿಗಳು ಸಂಗೀತಕ್ಕೆ ಹಚ್ಚಿದರು. ಆ ಹುಡುಗನೇ ಪಂಚಾಕ್ಷರಿ ಗವಾಯಿಗಳು. ಮುಂದೆ ಅವರ ವೀರೇಶ್ವರ ಪುಣ್ಯಾಶ್ರಮ ಗದಗಿನಲ್ಲಿ ನೆಲೆಗೊಂಡಿತು. ಅಲ್ಲಿ ಪುಸ್ತಕ ಎಂದರೆ ಗುರುವಿನ ಕಂಠ. ಕೇಳು, ಹಾಡು, ಮರುದಿನ ಒಪ್ಪಿಸು. ಜಾತಿ ಕೇಳದ ಊಟ, ಫೀಸು ಕೇಳದ ಪಾಠ. ಖರ್ಚಿಗೆ ಊರೂರು ತಿರುಗುವ ನಾಟಕ ಕಂಪನಿ, ಜೋಳಿಗೆ. ಚುಕ್ಕಿ ಎಷ್ಟಿರಬೇಕೆಂಬ ಸಮಿತಿಯ ಹಂಗಿಲ್ಲದೆ ಅಲ್ಲಿಂದ ಹಾರ್ಮೋನಿಯಂ, ತಬಲ, ಪಿಟೀಲು ಹಿಡಿದ ಹುಡುಗರು ನಾಡಿನ ತುಂಬ ಹರಡಿದರು. 1944ರಲ್ಲಿ ಪಂಚಾಕ್ಷರಿಗಳು ತೀರಿಕೊಂಡ ಮೇಲೆ ಆಶ್ರಮವನ್ನು ಹೊತ್ತ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಆದರೆ ಅವರು ಬ್ರೈಲ್ ಕಲಿತರು, ಅದರಲ್ಲೇ ಬರೆದರು, ಕನ್ನಡ, ಹಿಂದಿ, ಸಂಸ್ಕೃತ ಮೂರರಲ್ಲೂ. ಕಿವಿಯ ಪರಂಪರೆಯ ನಡುವೆ ನಿಂತವರಿಗೂ ಬರೆದಿಡುವ ಹಂಬಲ ಬಂತೆನ್ನುವುದನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಕಂಠಪಾಠ ಒಬ್ಬ ಗುರುವನ್ನು ಬೇಡುತ್ತದೆ. ಹಾಳೆಗೆ ಯಾರೂ ಬೇಡ, ನಡುರಾತ್ರಿ ಒಬ್ಬರೇ ಕೂತು ಓದಬಹುದು, ದೀಪವೂ ಬೇಕಿಲ್ಲ.

ಈಗ ಕತೆಗೆ ದೂರದವರೊಬ್ಬರು ಬರಬೇಕು. ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ 1895ರಲ್ಲಿ ಹುಟ್ಟಿದವರು, ಆ ದೇಶದ ಕ್ಲೂಥಾ ನದಿಯ ಹೆಸರು ಹೊತ್ತವರು. ಗಂಗಾ, ಕಾವೇರಿ ಎಂದು ಹೆಣ್ಣುಮಕ್ಕಳಿಗೆ ಹೆಸರಿಡುವ ನಮಗೆ ನದಿಯ ಹೆಸರಿನ ಗಂಡಸು ತುಸು ಹೊಸಬ. ತಂದೆ ಥಾಮಸ್ ಮೆಕೆಂಜಿ ಕೆಲ ತಿಂಗಳು ಆ ದೇಶದ ಪ್ರಧಾನಿಯಾಗಿದ್ದರು. ಮೊದಲ ಮಹಾಯುದ್ಧದಲ್ಲಿ ಸೇನೆ ಸೇರಿದ ಮಗ, 1915ರ ಆಗಸ್ಟ್‌ನಲ್ಲಿ ಗಲ್ಲಿಪೊಲಿಯ ಚುನುಕ್ ಬೈರ್ ಗುಡ್ಡದ ಕಾಳಗದಲ್ಲಿ ಎರಡೂ ಕಣ್ಣು ಕಳೆದುಕೊಂಡ. ಇಪ್ಪತ್ತರ ಹರೆಯ. ಲಂಡನ್ನಿನಲ್ಲಿ ಯುದ್ಧದಲ್ಲಿ ಕಣ್ಣು ಹೋದ ಸೈನಿಕರಿಗೆಂದೇ ಇದ್ದ ಸೇಂಟ್ ಡನ್‌ಸ್ಟನ್ಸ್‌ನಲ್ಲಿ ಬ್ರೈಲ್ ಕಲಿತು, ಊರಿಗೆ ಮರಳಿ ಪಾರ್ಲಿಮೆಂಟಿಗೂ ಹೋಗಿ ಬಂದು, ಆಕ್ಲೆಂಡಿನ ಅಂಧರ ಸಂಸ್ಥೆಯನ್ನು ಹದಿನೈದು ವರ್ಷ ನಡೆಸಿ, 1935ರಲ್ಲಿ ಸರ್ ಆದರು.

ಎರಡನೆಯ ಮಹಾಯುದ್ಧ ಅವರನ್ನು ಭಾರತಕ್ಕೆ ಎಳೆಯಿತು. ಉತ್ತರ ಆಫ್ರಿಕಾದಿಂದ, ಬರ್ಮಾದಿಂದ ಕಣ್ಣು ಕಳೆದುಕೊಂಡು ಬರುತ್ತಿದ್ದ ಭಾರತೀಯ ಸಿಪಾಯಿಗಳಿಗೆ ಏನು ವ್ಯವಸ್ಥೆ? 1943ರಲ್ಲಿ ದೆಹರಾದೂನಿನ ರಾಜಪುರ ರಸ್ತೆಯಲ್ಲಿ ಸೇಂಟ್ ಡನ್‌ಸ್ಟನ್ಸ್ ಹಾಸ್ಟೆಲ್ ತೆರೆಯಿತು. ಪಂಜಾಬಿ, ಗೂರ್ಖಾ, ಮರಾಠ, ಮದರಾಸಿ, ಒಂದೇ ಚಾವಣಿಯಡಿ. ನೇಯ್ಗೆ, ಬುಟ್ಟಿ, ಬ್ರೈಲ್. ಯಾವ ಬ್ರೈಲ್ ಕಲಿಸಬೇಕು ಎಂಬ ಪ್ರಶ್ನೆಯನ್ನು ಇನ್ನು ಮುಂದೂಡಲು ಆಗುತ್ತಿರಲಿಲ್ಲ. ಒಂದೇ ಪಲ್ಟನ್ನಿನಲ್ಲಿ ಕಾದಿದವರು ಒಂದೇ ಹಲಗೆಯಲ್ಲಿ ಓದಲಾರರು ಎಂಬ ಸ್ಥಿತಿ. ದೇಶದ ಅಂಧರ ಸ್ಥಿತಿಗತಿಯ ಬಗ್ಗೆ ಮೆಕೆಂಜಿ ಹಿಂದಿದ್ದು ಸಿದ್ಧವಾದ ವರದಿ 1944ರಲ್ಲಿ ಹೊರಬಂತು. ದೇಶದಲ್ಲಿ ಇಪ್ಪತ್ತು ಲಕ್ಷ ಅಂಧರಿರಬಹುದೆಂದು ಅದರ ಅಂದಾಜು. ಶಾಲೆಗಳು ಮೂವತ್ತರ ಆಸುಪಾಸು. ಭಾಗಾಕಾರ ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ. ಅಂಧತ್ವಕ್ಕೆ ಸಿಡುಬು, ಕಣ್ಣುರಿ, ನಾಟಿ ಮದ್ದುಗಳು ಎಷ್ಟು ಕಾರಣವೋ ಅಷ್ಟನ್ನು ತಡೆಯಬಹುದಾಗಿತ್ತು ಎನ್ನುವುದು ಆ ಕಾಲದ ವೈದ್ಯರಿಗೆಲ್ಲ ಗೊತ್ತಿದ್ದ ಮಾತು. ತಡೆಯಲಾಗದ್ದಕ್ಕೆ ಏನು ಮಾಡಬೇಕೆಂಬುದನ್ನು ಸರ್ಕಾರ ತನ್ನ ಹೊಣೆ ಎಂದು ಒಪ್ಪಿದ್ದು ಆ ವರದಿಯಿಂದೀಚೆಗೆ.

ಲಿಪಿಯ ಕೆಲಸ ಅಷ್ಟರಲ್ಲಿ ಹೊರಟಿತ್ತು. ಕರಾಚಿಯ ಅಂಧ ಶಾಲೆಯ ಪಿ. ಎಂ. ಅಡ್ವಾಣಿಯಂಥವರು ಅದಕ್ಕೂ ಮೊದಲೇ ಏಕರೂಪದ ಲಿಪಿಗಾಗಿ ದನಿ ಎತ್ತಿದ್ದರು. 1941ರಲ್ಲಿ ಕೇಂದ್ರ ಶಿಕ್ಷಣ ಸಲಹಾ ಮಂಡಳಿ ಸಮಿತಿಯೊಂದನ್ನು ಮಾಡಿತು. ಅದರ ವಾದ ಹೀಗಿತ್ತು: ಭಾರತೀಯ ಭಾಷೆಗಳೆಲ್ಲ ಒಂದೇ ವರ್ಣಮಾಲೆಯ ಕೂಸುಗಳಲ್ಲವೇ? ಕ ಖ ಗ ಘ ಙ ಎಂದು ಗಂಟಲಿನಿಂದ ಹೊರಟು ತುಟಿಯವರೆಗೆ ಉಚ್ಚಾರಣೆಯ ಜಾಡಿನಲ್ಲೇ ಅಕ್ಷರ ಜೋಡಿಸಿದ ನಾಡು, ಪ್ಯಾರಿಸ್ಸಿನ ಹುಡುಗನೊಬ್ಬ ಫ್ರೆಂಚಿಗೆಂದು ಮಾಡಿದ ಅನುಕ್ರಮಕ್ಕೆ ಏಕೆ ಕಟ್ಟುಬೀಳಬೇಕು? ಸಮಿತಿಯಿಂದ ಹೊರಬಿದ್ದ ‘ಯೂನಿಫಾರ್ಮ್ ಇಂಡಿಯನ್ ಬ್ರೈಲ್’ ಇಂಗ್ಲಿಷ್ ಬ್ರೈಲ್‌ನ ಹಂಚಿಕೆಯನ್ನು ಬದಿಗಿಟ್ಟು ಹೊಸದಾಗಿ ಚುಕ್ಕಿ ಹಂಚಿತು.

ಕಾಗದದ ಮೇಲೆ ಈ ವಾದಕ್ಕೆ ಎದುರು ಹೇಳುವುದು ಕಷ್ಟ. ಪಾಣಿನಿಯ ನಾಡಿನವರಿಗೆ ಇದಕ್ಕಿಂತ ಹಿತವಾದ ಮಾತು ಇನ್ನೇನಿದೆ? ಅಂಧ ವಿದ್ಯಾರ್ಥಿಯ ಕಡೆಯಿಂದ ನೋಡಿದರೆ ಮಾತ್ರ ಚಿತ್ರ ಬದಲಾಗುತ್ತದೆ. ಅವನು ಕನ್ನಡವನ್ನೋ ಹಿಂದಿಯನ್ನೋ ಕಲಿಯುತ್ತಾನೆ, ಹೈಸ್ಕೂಲು ಮುಗಿಸಬೇಕಾದರೆ ಇಂಗ್ಲಿಷ್ ಬೇಕೇ ಬೇಕು. ಹೊಸ ಲಿಪಿಯಲ್ಲಿ ಒಂದು ಜೋಡಣೆ ಕನ್ನಡದಲ್ಲಿ ಒಂದು ಧ್ವನಿ, ಇಂಗ್ಲಿಷಿನಲ್ಲಿ ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು. ಕಣ್ಣಿದ್ದವರಿಗೆ ‘ಕ’ದ ಆಕಾರ ಬೇರೆ, ಇಂಗ್ಲಿಷಿನ ‘ಕೆ’ಯ ಆಕಾರ ಬೇರೆ, ಮನಸ್ಸು ಎರಡನ್ನೂ ಬೇರೆ ಬೇರೆ ಗೂಡಿನಲ್ಲಿಡುತ್ತದೆ. ಬೆರಳಿಗೆ ಸಿಗುವುದು ಇದೇ ಆರು ಚುಕ್ಕಿ. ಒಂದೇ ಆಕಾರಕ್ಕೆ ಎರಡು ಗೂಡು ಎಂದರೆ ಗೂಡುಗಳೇ ಕಲಸಿಹೋಗುತ್ತವೆ. ಶಾಸ್ತ್ರ ಬಲ್ಲವರು ಲಿಪಿ ಚೆಂದವಾಗಿರಬೇಕೆಂದರು. ಅದರಲ್ಲಿ ಓದಬೇಕಾದವರಿಗೆ ಬೇಕಾಗಿದ್ದದ್ದು ಪಕ್ಕದವನ ಲಿಪಿಯೂ ತಮ್ಮದೂ ಒಂದಾಗಿರುವುದು. ನನ್ನನ್ನು ಕೇಳಿದರೆ ಇಡೀ ಕತೆಯ ಗಂಟು ಇಲ್ಲಿದೆ.

1947ರಲ್ಲಿ ಶಿಕ್ಷಣ ಇಲಾಖೆಯಲ್ಲಿ ಅಂಧರ ಕೆಲಸಕ್ಕೆಂದೇ ಲಾಲ್ ಅಡ್ವಾಣಿ ಎಂಬ ತರುಣ ಸೇರಿದರು. ಸಿಂಧಿನವರು, ಅಂಧರು. ಸ್ವಾತಂತ್ರ್ಯದ ವರ್ಷವೇ ಊರೂ ಕೈಬಿಟ್ಟಿತು. ಅವರು ಬಲ್ಲ ಕರಾಚಿ ಗಡಿಯ ಆಚೆ ಉಳಿಯಿತು. ದೆಹಲಿಯ ಕಡತಗಳ ನಡುವೆ, ಬ್ರೈಲ್ ಅನ್ನು ಬೆರಳಿನಿಂದ ಬಲ್ಲ ಒಬ್ಬರು ಬಂದು ಕೂತದ್ದು ಸಣ್ಣ ಸಂಗತಿಯಲ್ಲ. ಹೊಸ ಸರ್ಕಾರಕ್ಕೆ ತನ್ನದೇ ಸಮಿತಿಯ ಲಿಪಿ ಕೈಯಲ್ಲಿತ್ತು, ಅದರ ಸುತ್ತ ಎದ್ದ ಆಕ್ಷೇಪವೂ ಇತ್ತು. ನಿರ್ಧಾರ ತೂಗುಯ್ಯಾಲೆಯಲ್ಲಿರುವಾಗ, 1949ರ ಏಪ್ರಿಲ್‌ನಲ್ಲಿ, ಭಾರತ ಸರ್ಕಾರ ಯುನೆಸ್ಕೊಗೆ ಬರೆಯಿತು: ಇದು ನಮ್ಮೊಬ್ಬರ ತೊಡಕಲ್ಲ, ಜಗತ್ತಿಗೇ ಒಂದು ಬ್ರೈಲ್ ಸಾಧ್ಯವೇ ಎಂದು ನೀವು ನೋಡಬೇಕು.

ಮನೆಯ ಜಗಳಕ್ಕೆ ಊರ ಪಂಚಾಯಿತಿ ಕರೆದ ಹಾಗಾಯಿತು. ಸಾಮಾನ್ಯವಾಗಿ ಇಂಥದು ಎಡವಟ್ಟಾಗುತ್ತದೆ, ಈ ಸಲ ಕೈಹಿಡಿಯಿತು. ಆಗ ಯುನೆಸ್ಕೊದ ಮಹಾನಿರ್ದೇಶಕರಾಗಿದ್ದ ಹೈಮೆ ತೊರೆಸ್ ಬೊದೆತ್ ಮೆಕ್ಸಿಕೊದ ಕವಿ. ಸಂಸ್ಥೆ ಕೆಲಸಕ್ಕೆ ಕರೆದದ್ದು ಅದೇ ಕ್ಲೂಥಾ ಮೆಕೆಂಜಿಯನ್ನು. 1950ರ ಮಾರ್ಚ್‌ನಲ್ಲಿ ಪ್ಯಾರಿಸ್ಸಿನಲ್ಲಿ ಸಭೆ. ಭಾಷಾವಿಜ್ಞಾನಿ ಸುನೀತಿಕುಮಾರ ಚಟರ್ಜಿ ಭಾರತದ ಕಡೆಯಿಂದ ಈ ಚರ್ಚೆಗಳಲ್ಲಿದ್ದರು. ಅರಬ್ ದೇಶಗಳಿಗೆ ಇದ್ದ ಇಕ್ಕಟ್ಟು ನಮ್ಮದಕ್ಕಿಂತ ಕಡಿಮೆಯದ್ದಲ್ಲ. ಅರಬ್ಬಿ ಬರೆಯುವುದು ಬಲದಿಂದ ಎಡಕ್ಕೆ. ಬ್ರೈಲ್ ಎಡದಿಂದ ಬಲಕ್ಕೆ. ಕುರಾನಿನ ಭಾಷೆಯನ್ನು ತಿರುವುಮುರುವಾಗಿ ಓದಿಸಬಹುದೇ? 1951ರ ಫೆಬ್ರವರಿಯಲ್ಲಿ ಬೈರೂತಿನಲ್ಲಿ ಪಶ್ಚಿಮ ಏಷ್ಯಾದವರು, ಭಾರತದವರು, ಆಗ್ನೇಯ ಏಷ್ಯಾದವರು ಸೇರಿದಾಗ ಇಂಥವಕ್ಕೆಲ್ಲ ಒಂದೊಂದಾಗಿ ಉತ್ತರ ಸಿಕ್ಕಿತು. ಅರಬ್ಬಿಯೂ ಬೆರಳಿಗೆ ಎಡದಿಂದ ಬಲಕ್ಕೇ ಓಡಲಿ ಎಂದು ಒಪ್ಪಿದರು. ಒಪ್ಪಂದದ ತಿರುಳು ಸರಳ: ಒಂದೇ ಧ್ವನಿಗೆ ಎಲ್ಲ ಭಾಷೆಯಲ್ಲೂ ಆದಷ್ಟೂ ಒಂದೇ ಚುಕ್ಕಿ, ಆ ಚುಕ್ಕಿಗೆ ಆಧಾರ ಲೂಯಿ ಬ್ರೈಲ್ ಹಾಕಿದ ಮೂಲ.

ಎರಡು ತಿಂಗಳು ಕಳೆದು, 1951ರ ಏಪ್ರಿಲ್‌ನಲ್ಲಿ, ಈ ತಿರುಳಿನ ಮೇಲೆ ನಮ್ಮ ಭಾಷೆಗಳಿಗೆ ಹೊಂದಿಸಿದ ಲಿಪಿ, ಭಾರತಿ ಬ್ರೈಲ್, ಹುಟ್ಟಿತು.

ಅಕ್ಷರ ಹಂಚಿದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು, ಅದರಲ್ಲಿ ರಂಗೋಲಿ ಹಾಕುವವರ ಜಾಣ್ಮೆಯಿದೆ. ಕ, ಗ, ಜ, ತ, ದ, ನ, ಪ, ಬ, ಮ, ಲ, ಸ, ಹ ಎಂಬವು ಇಂಗ್ಲಿಷಿನಲ್ಲೂ ಇರುವ ಧ್ವನಿಗಳು; ಅಲ್ಲಿನ ಚುಕ್ಕಿಗಳೇ ಇಲ್ಲಿಗೂ. ಮಹಾಪ್ರಾಣಗಳಿಗೆ ಏನು ಮಾಡುವುದು? ಇಂಗ್ಲಿಷ್ ಬ್ರೈಲ್‌ನಲ್ಲಿ ಪದೇ ಪದೇ ಬರುವ ಅಕ್ಷರಜೋಡಿಗಳನ್ನು ಒಂದೇ ಮನೆಯಲ್ಲಿ ಬರೆಯುವ ಸಂಕ್ಷೇಪಗಳಿದ್ದವು. ಟಿ-ಎಚ್ ಜೋಡಿಯ ಮನೆ ಥಕ್ಕೆ ಹೋಯಿತು. ಜಿ-ಎಚ್‌ನದು ಘಕ್ಕೆ, ಸಿ-ಎಚ್‌ನದು ಛಕ್ಕೆ, ಎಸ್-ಎಚ್‌ನದು ಶಕ್ಕೆ. ಓ-ಡಬ್ಲ್ಯೂ ಔ ಆಯಿತು. ಎ-ಆರ್ ಆ ಆಯಿತು. ‘ಇಂಗ್’ ಎಂಬ ಬಾಲಂಗೋಚಿ ನಮ್ಮ ಙ ಆಗಿ ಕೂತಿತು, ಅದಕ್ಕೆ ಅಷ್ಟೊಂದು ಒಪ್ಪುವ ಕೆಲಸ ಇಂಗ್ಲಿಷಿನಲ್ಲೂ ಇರಲಿಲ್ಲ. ಇಂಗ್ಲಿಷ್ ಬ್ರೈಲ್ ಬಲ್ಲವರು ಈ ಪಟ್ಟಿಯನ್ನು ಮುಟ್ಟಿ ನೋಡುತ್ತ ಹೋದರೆ ಹಳೆಯ ನೆಂಟರು ಹೊಸ ಬಟ್ಟೆಯಲ್ಲಿ ಎದುರಾದಂತೆ.

ಕಾಗುಣಿತದ ತಲೆನೋವೂ ಕಳೆಯಿತು. ಕ ಬರೆದು ಮುಂದೆ ಇ ಬರೆದರೆ ಕಿ, ಉ ಬರೆದರೆ ಕು. ಬಳ್ಳಿ ಕಟ್ಟಬೇಕಿಲ್ಲ. ನಮ್ಮ ದಕ್ಷಿಣದ ಭಾಷೆಗಳದ್ದು ಒಂದು ವಿಶೇಷ ಬೇಡಿಕೆ. ಹಿಂದಿಗೆ ಏ, ಓ ಎರಡೇ ಸಾಕು. ನಮಗೆ ಎ-ಏ, ಒ-ಓ ನಾಲ್ಕೂ ಬೇಕು. ಇಲ್ಲದಿದ್ದರೆ ‘ಕೊಡು’ ಎಂದದ್ದು ‘ಕೋಡು’ ಆಗಿ ತಲೆಯ ಮೇಲೆ ಹುಟ್ಟುತ್ತದೆ. ಇಂಗ್ಲಿಷಿನ ‘ಇ’ ಅಕ್ಷರದ ಮನೆ ದೀರ್ಘ ಏಗೆ, ‘ಓ’ದ ಮನೆ ದೀರ್ಘ ಓಗೆ ಹೋದವು. ಹ್ರಸ್ವ ಎಗೆ 2 ಮತ್ತು 6ನೇ ಚುಕ್ಕಿ, ಹ್ರಸ್ವ ಒಗೆ ಇಂಗ್ಲಿಷಿನ ‘ಎಕ್ಸ್’ ಮನೆ. ಧ್ವನಿಗೂ ಎಕ್ಸ್‌ಗೂ ಏನೂ ನಂಟಿಲ್ಲ, ಖಾಲಿ ಇತ್ತು, ಕೊಟ್ಟರು. ಜಾಗ ಹಿಡಿಸದೆ ಇನ್ನೊಂದು ಕಡೆ ಒಂದೇ ಮನೆಯಲ್ಲಿ ಇಬ್ಬರನ್ನು ಕೂರಿಸಿದ್ದೂ ಇದೆ. 3, 4, 5, 6 ಚುಕ್ಕಿಗಳ ಜೋಡಣೆ ಎಲ್ಲ ಕಡೆಯೂ ‘ಮುಂದೆ ಅಂಕಿ ಬರುತ್ತದೆ’ ಎಂಬುದರ ಗುರುತು. ಭಾರತಿಯಲ್ಲಿ ಅದೇ ಣ ಕೂಡ. ಸಂದರ್ಭ ನೋಡಿ ಬೆರಳು ಅರ್ಥ ಮಾಡಿಕೊಳ್ಳುತ್ತದೆ. ಹೀಗಾಗಿ ಬ್ರೈಲ್‌ನಲ್ಲಿ ‘ಹಣ’ ಎಂದು ಬರೆದರೆ ಅದರ ಅರ್ಧ ಅಂಕಿಯ ಗುರುತೇ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಮಾಡಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಅದೇ 1951ರಲ್ಲಿ ದೆಹರಾದೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಶುರುವಾಯಿತು. ಯುದ್ಧದಲ್ಲಿ ಕಣ್ಣು ಹೋದವರ ಹಾಸ್ಟೆಲ್ ಅಷ್ಟು ಹೊತ್ತಿಗೆ ವಯಸ್ಕ ಅಂಧರ ತರಬೇತಿ ಕೇಂದ್ರವಾಗಿತ್ತು. ಸ್ಲೇಟು, ಚುಚ್ಚುಮೊನೆಗಳನ್ನು ಇಂಗ್ಲೆಂಡಿನಿಂದ ತರಿಸುವುದು ತಪ್ಪಲೆಂದು ಇಲ್ಲೇ ಮಾಡುವ ಕಾರ್ಯಾಗಾರವೂ ಮುಂದೆ ಬಂತು. ಆ ಸ್ಲೇಟಿನಲ್ಲಿ ಬರೆಯುವುದನ್ನು ನೋಡಿದವರಿಗೆ ಅದರ ತಿರುಗುಮುರುಗು ಗೊತ್ತು: ಕಾಗದದ ಬೆನ್ನಿನ ಕಡೆಯಿಂದ, ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು, ಹಾಳೆ ಮಗುಚಿದಾಗ ಅಕ್ಷರಗಳು ಉಬ್ಬಿ ಎಡದಿಂದ ಬಲಕ್ಕೆ ನಿಲ್ಲುತ್ತವೆ. ಕಲಿಯುವ ಮಗು ಪ್ರತಿ ಅಕ್ಷರವನ್ನೂ ಎರಡು ರೂಪದಲ್ಲಿ ಕಲಿತಂತೆ. ಅಂಚೆ ಇಲಾಖೆ ಅಂಧರ ಸಾಹಿತ್ಯದ ಕಟ್ಟುಗಳನ್ನು ಸ್ಟಾಂಪಿಲ್ಲದೆ ಸಾಗಿಸುತ್ತದೆ, 7 ಕಿಲೋವರೆಗೂ. ಅಷ್ಟು ತೂಕದಲ್ಲಿ ಎಷ್ಟು ಕಾದಂಬರಿ ಹಿಡಿಯುತ್ತದೆ ಎಂದು ಕೇಳಬೇಡಿ. ದಪ್ಪ ಕಾದಂಬರಿಯಾದರೆ ಅರ್ಧವೂ ಹಿಡಿಯದು.

ಮರುವರ್ಷ, 1952ರಲ್ಲಿ, ಲೂಯಿ ಬ್ರೈಲ್ ತೀರಿಕೊಂಡು ನೂರು ವರ್ಷ. ಅವನ ಅವಶೇಷಗಳನ್ನು ಪ್ಯಾರಿಸ್ಸಿನ ಪ್ಯಾಂಥಿಯಾನ್‌ಗೆ, ಫ್ರಾನ್ಸಿನ ಮಹನೀಯರ ಸಾಲಿಗೆ ಒಯ್ದರು. ಕೂಪ್ವ್ರೇಯವರು ಕೈಗಳನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅವು ಹಳ್ಳಿಯ ಸಮಾಧಿಯಲ್ಲೇ ಇವೆ. 1953ರಲ್ಲಿ ಯುನೆಸ್ಕೊ, ಜಗತ್ತಿನ ಬ್ರೈಲ್‌ಗಳನ್ನೆಲ್ಲ ಒಂದೆಡೆ ಕೊಡುವ ಮೆಕೆಂಜಿಯ ಪುಸ್ತಕವನ್ನು ಪ್ರಕಟಿಸಿತು. ಅದರೊಳಗೆ ಕನ್ನಡಕ್ಕೂ ಒಂದು ಜಾಗವಿತ್ತು.

ಲಿಪಿ ಒಂದಾದ ಮಾತ್ರಕ್ಕೆ ಪುಸ್ತಕ ಮಳೆಯಾಗಿ ಸುರಿಯಲಿಲ್ಲ. ಮೊದಲು ಪಠ್ಯಪುಸ್ತಕ, ಅದೂ ಎಷ್ಟೋ ಸಲ ವರ್ಷ ಅರ್ಧ ಮುಗಿದ ಮೇಲೆ. ಕಥೆ, ಕಾದಂಬರಿ, ವಾರಪತ್ರಿಕೆಯ ಆಸೆಯಿದ್ದ ಕನ್ನಡದ ಅಂಧ ಓದುಗರು ದಶಕಗಟ್ಟಲೆ ಅಕ್ಕನೋ ಗೆಳೆಯನೋ ಓದಿ ಹೇಳುವುದನ್ನು ಕಾದರು, ಆಮೇಲೆ ಕ್ಯಾಸೆಟ್ಟುಗಳಿಗೆ ಕಾದರು. ಪುಸ್ತಕವೊಂದನ್ನು ಬ್ರೈಲ್‌ಗೆ ತರಲು ಹಕ್ಕುಸ್ವಾಮ್ಯದ ಅಪ್ಪಣೆ ಬೇಡವೆಂಬ ಮರಕೇಶ್ ಒಪ್ಪಂದ ಬಂದದ್ದು 2013ರಲ್ಲಿ. 2014ರಲ್ಲಿ ಅದಕ್ಕೆ ಜಗತ್ತಿನಲ್ಲೇ ಮೊದಲು ಸ್ಥಿರೀಕರಣ ಕೊಟ್ಟದ್ದು ಭಾರತ. ಯುನೆಸ್ಕೊಗೆ ಕಾಗದ ಬರೆದ ಹಳೆಯ ಚಾಳಿ ಅಲ್ಲಿ ಮತ್ತೆ ಕಂಡಿತು.

1951ರವರು ಕನಸಿನಲ್ಲೂ ನೆನೆಯದ ಲಾಭ ಸಿಕ್ಕಿದ್ದು ಕಂಪ್ಯೂಟರಿನಿಂದ. ಒಂದು ಧ್ವನಿಗೆ ಒಂದು ಮನೆ ಎಂದು ಹಂಚಿಟ್ಟಿದ್ದರಿಂದ ಯೂನಿಕೋಡ್ ಕನ್ನಡವನ್ನು ಬ್ರೈಲ್ ಮಾಡುವುದು ಯಂತ್ರಕ್ಕೆ ಸುಲಿದ ಬಾಳೆಹಣ್ಣು. ಅಕ್ಷರಕ್ಕೆ ಎದುರು ಚುಕ್ಕಿ ಬರೆದ ಒಂದು ಪಟ್ಟಿ ಸಾಕು. ಒತ್ತಕ್ಷರ ಬಂದಾಗ ಆ ಒಂಟಿ ಚುಕ್ಕಿಯನ್ನು ಮುಂದಕ್ಕೆ ತರಬೇಕೆಂಬ ನಿಯಮ ಒಂದಿಷ್ಟು. ತೆಲುಗಿಗೂ, ಹಿಂದಿಗೂ, ಬಂಗಾಳಿಗೂ ಬಹುಪಾಲು ಅದೇ ಪಟ್ಟಿ. ಹತ್ತು ಲಿಪಿ ಉಳಿದಿದ್ದರೆ ಹತ್ತು ಸಲ ಈ ಕೆಲಸ ಮಾಡಬೇಕಿತ್ತು. ಇನ್ನೂರು ಓದುಗರ ಲಿಪಿಗೆ ಯಾರೂ ಮಾಡುತ್ತಿರಲಿಲ್ಲ.

ಮೈಸೂರಿನ ಶಾಲೆ ಈಗಲೂ ಇದೆ. ಅಲ್ಲಿ ಕನ್ನಡ ಓದುವ ಹುಡುಗ ಹಿಂದಿ ಪುಸ್ತಕ ತೆರೆದರೆ ಅವನಿಗೆ ದೇವನಾಗರಿ ಕಲಿಯುವ ಕೆಲಸವಿಲ್ಲ. ಕ ಅಲ್ಲೂ 1 ಮತ್ತು 3ನೇ ಚುಕ್ಕಿ, ಮ ಅಲ್ಲೂ ಮ. ಬಂಗಾಳಿ ಪುಸ್ತಕ ಕೈಗೆ ಕೊಟ್ಟರೆ ಅರ್ಥ ಆಗದಿದ್ದರೂ ಗಟ್ಟಿಯಾಗಿ ಓದಿಬಿಡುತ್ತಾನೆ. ಪಕ್ಕದಲ್ಲಿ ಕೂತ ಕಣ್ಣಿರುವ ನಾವು ಆ ಪುಸ್ತಕದ ಹೆಸರೇನೆಂದು ಅವನನ್ನೇ ಕೇಳಬೇಕು.